ದಮ್ಮು

ಎಡ ಕಿಸೆದಾಗ ಸೀಟಿ,
ಬಲ ಕಿಸೆದಾಗ ಪಂಪು.
ಒಂದಕ್ಕ ಉಸಿರು ಕೊಡಬೇಕು,
ಒಂದರಿಂದ ಇಸ್ಕೋಬೇಕು.
ಹನ್ನೊಂದು ವರ್ಷದ ನೌಕರಿಯೊಳಗ
ಗಡಿಬಿಡಿಯಾಗಿ ಒಂದೇ ಒಂದು ಸಲ
ಪಂಪು ಬಾಯಿಗಿಟ್ಟು ಊದೀನಿ.
ಬಸ್ಸು ಹೋಗಲಿಲ್ಲ.

ಹೆಸರು ಬೂದೆಪ್ಪ. ನಗಬ್ಯಾಡ್ರಿ,
ಹರಕಿ ಹೊತ್ತು ನಮ್ಮವ್ವ ಇಟ್ಟದ್ದು.
ರಾಯಚೂರು–ಶಕ್ತಿನಗರ ರೂಟಿಗೆ
ನನ್ನನ್ನ ಹಾಕಿದವರು ಮಾತ್ರ
ಹೆಸರು ಓದಿಯೇ ಹಾಕಿರಬೇಕು.

ಯರಮರಸ, ಚಿಕ್ಕಸೂಗೂರು, ಹೆಗ್ಗಸನಹಳ್ಳಿ, ದೇವಸೂಗೂರು
ಒಂದೇ ಉಸಿರಿಗೆ ಕೂಗೋರು ನಮ್ಮ ಡಿಪೋದಾಗ ಅದಾರ.
ನಾನು ಚಿಕ್ಕಸೂಗೂರಿಗೆ ನಿಂತು
ಚೀಲದಾಗ ಚಿಲ್ಲರ ಹುಡುಕಿದಂಗ ಮಾಡಿ
ಉಳಿದ ಊರು ಆಮ್ಯಾಲ ಕೂಗ್ತೀನಿ.
ಚಿಲ್ಲರ ಹುಡುಕೋದು, ನಾ ಕಲಿತ ದೊಡ್ಡ ವಿದ್ಯಾ.

ನಮ್ಮ ಕಡೆ ಈ ರೋಗಕ್ಕ ದಮ್ಮು ಅಂತಾರ.
ಧೈರ್ಯಕ್ಕೂ ಅದೇ ಮಾತು.
'ದಮ್ಮಿದ್ರ ಬಾರಲೇ' ಅಂತ
ಸ್ಟ್ಯಾಂಡಿನಾಗ ಹುಡುಗರು ತೊಡಿ ತಟ್ಟಿದಾಗೆಲ್ಲಾ
ಒಳಗ ಯಾರೋ ಸಣ್ಣಗ ಕೈ ಎತ್ತತಾರ:
ನನಗ ಅದ. ಎಂಟನೇ ವಯಸ್ಸಿನಿಂದ ಅದ.

ಬೂದಿಗೆ ನಾ ಅಂಜಂಗಿಲ್ಲ.
ಬೂದಿ ಕಣ್ಣಿಗೆ ಕಾಣ್ತದ, ಕಿಟಕಿ ಎಳೀಬಹುದು.
ನಾ ಅಂಜೋದು ಏನೂ ಆಗದ ಹೊತ್ತಿಗೆ.
ರಾತ್ರಿ ಎರಡಕ್ಕ, ಊರೆಲ್ಲಾ ಮಲಗಿದಾಗ,
ಪಕ್ಕದ ಮನಿ ಜಗಳ ಗ್ವಾಡಿಗೆ ಕಿವಿ ಹಚ್ಚಿ ಕೇಳಿದಂಗ
ನನ್ನ ಎದಿ ನಾನ ಕೇಳ್ತಾ ಬಿದ್ದಿರ್ತೀನಿ.
ಶಿಳ್ಳಿ ಹೊಡಿತೋ? ಇಲ್ಲ, ಬೆಕ್ಕು.
ಹೊಡಿತೋ? ಇಲ್ಲ, ಗೂಡ್ಸ್ ಗಾಡಿ.
ಸೂಗಮ್ಮನ ಉಸಿರು ಎಣಸ್ತೀನಿ, ಅಸೂಯೆ ಬರ್ತದ,
ಹೆಂಡತಿಯ ನಿದ್ದಿಗೆ ಹೊಟ್ಟಿಕಿಚ್ಚು ಪಡೋ ಗಂಡಸು ನಾನು.
ಪಂಪಿನ ಬೆನ್ನಾಗ ಅಂಕಿಯದೊಂದು ಸಣ್ಣ ಕಿಟಕಿ ಅದ;
ಅದು ನಲವತ್ತಕ್ಕ ಇಳಿದರ
ನನಗ ವಾರಗಟ್ಟಲೆ ಊಟ ಸೇರಂಗಿಲ್ಲ.

ದೊಡ್ಡ ದವಾಖಾನಿಯ ಸಣ್ಣ ಡಾಕ್ಟರಮ್ಮ
ಕೊಳವಿಯೊಳಗ ಊದಿಸಿ ನೋಡಿ ಅಂದಳು:
ಎದಿ ಛಲೋ ಅದ ಈ ಸಲ, ಇದು ಗಾಬರಿ.
ಗುರುತು ಹೆಂಗ ಹಿಡೀಲಿ ತಾಯಿ?
ಅವೇ ನಡುಗೋ ಕೈ, ಅದೇ ಬಿಗಿಯೋ ಪಕ್ಕಡಿ.
ಹಡದಾಕಿಗೂ ಗೊತ್ತಾಗದ ಅವಳಿ ಮಕ್ಕಳು ಇವು,
ಒಂದು ಅತ್ತರ ಇನ್ನೊಂದು ಎದ್ದು ಕೂಡ್ತದ.
ಮನಸಿನ ಡಾಕ್ಟರಿಗೆ ಬರದ ಚೀಟಿ
ಮೂರು ತಿಂಗಳಿಂದ ಚೀಲದ ತಳದಾಗ ಅದ,
ಹರಿದ ಹತ್ತರ ನೋಟಿನ ಜೋಡಿ.

ಮೊನ್ನೆ, ಕಡೀ ಟ್ರಿಪ್ಪಿನಾಗ,
ಮುಂದಿನ ಸೀಟಿನ ಮುದುಕಿ ಎರಡು ಬೆರಳು ತೋರಿಸಿದಳು.
ಎರಡು ಜನಾನ ಯವ್ವಾ? ಆಧಾರ್ ತೋರಿಸು.
ತಲಿ ಅಲ್ಲಾಡಿಸಿದಳು. ನನ್ನ ಬಲ ಕಿಸೆ ತೋರಿಸಿದಳು.
ಮತ್ತ ಎರಡು ಬೆರಳು:
ಒಂದು ಹೊರಗಿನ ಬೆಳಕಿಗೆ,
ಒಂದು ಕೆನ್ನಿಗೆ ಒರಗಿಸಿದ ಅಂಗೈಗೆ.

ಸುತ್ತ ನೋಡಿದೆ. ಪ್ಲಾಂಟಿನ ಕೂಲಿಯವರು ತೂಕಡಿಸ್ತಿದ್ದರು.
ನಾಲ್ಕು ಬೆರಳು ಎತ್ತಿದೆ.
ಚ್ ಅಂದಳು. ಎಲಿ ಅಡಕಿ ಸಂಚಿ ಬಿಚ್ಚಿದಳು;
ಸುಣ್ಣದ ಡಬ್ಬಿ ಮಗ್ಗಲಿಗೆ
ನೀಲಿ ಮೂತಿಯೊಂದು ಇಣುಕಿತು.
ಅಕ್ಕಿ ಮಿಲ್ಲಿನಾಗ ಇಪ್ಪತ್ತು ವರ್ಷ ಹೊಟ್ಟು ತೂರೀನಿ ಅಂದಳು.
ಆಮ್ಯಾಲ, ಬಗ್ಗಿ, ಊರು ಕೇಳಿದಷ್ಟು ಸಹಜವಾಗಿ:
ರಾತ್ರಿ ಅಂಜಿಕಿ ಬರ್ತದೇನಪಾ?

ಚಿಲ್ಲರ ಹುಡುಕಿದೆ.
ಸೊನ್ನೆ ಚೀಟಿಯಾಕಿಗೆ ಎಲ್ಲಿ ಚಿಲ್ಲರ.
ಹೂಂ ಅಂದೆ.
ನನಗೂ, ಅಂದಳು. ದೀಪ ಹಚ್ಚಿ ಕುಂದರ್ತೀನಿ.
ಅಷ್ಟರಾಗ ದೇವಸೂಗೂರು ಬಂತು.

ಇಳಿದಳು, ಸಂಚಿ ಸೊಂಟಕ್ಕ ಸಿಗಿಸಿಕೊಂಡು,
ಒಂದೊಂದೇ ಮೆಟ್ಟಲಿಗೆ ಒಂದೊಂದು ಉಸಿರು ತೂಗಿ.
ಹೆಸರು ಕೇಳಿರಲಿಲ್ಲ.
ಏನೋ, ನಿದ್ದಿ ಬಂತೇನು? ಅಂತ ಲಾಲಸಾಬ ತಿರುಗಿದ.
ಯಾವ ಕಿಸೆ ಅನ್ನೋದು ಒಂದು ಗಳಿಗಿ ಮರತಿತ್ತು.
ಊದಿದೆ. ಸಣ್ಣಗ ಬಂತು.
ಬಸ್ಸು ಹೋತು.